ಬಿಸಿಲಿಗೆ ತಂಪೆರೆಯುವ ಊರುಗಳು



ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದಾಗಿ ಹದಿನೈದು ದಿನ ಕಳೆಯಲಿ, ಕೊಳ್ಳೇಗಾಲದ ಬೀದಿಗಳಲ್ಲಿ ಹನ್ನೊಂದು ಗಂಟೆಗೇ ಅಂಗಡಿಗಳ ಮುಂದಿನ ಪರದೆ ಇಳಿಯುತ್ತದೆ. ಎಳನೀರಿನ ಗಾಡಿಯವನು ಹುಣಸೆಮರದ ನೆರಳಿನ ಜೊತೆಜೊತೆಗೇ ತನ್ನ ಗಾಡಿಯನ್ನೂ ಸರಿಸುತ್ತಾನೆ. ಸರಿಯಾಗಿ ಆ ಹೊತ್ತಿಗೆ ಬೆಂಗಳೂರಿನಿಂದ ನೆಂಟರ ಫೋನು ಬರುತ್ತದೆ. “ಮಕ್ಕಳಿಗೆ ರಜ ಬಂತು, ನಿಮ್ಮ ಕಡೆ ಬರೋಣ ಅಂತಿದ್ದೀವಿ. ಬಿಸಿಲು ಜಾಸ್ತಿ ಅಲ್ವಾ?” ಎಂದು ಕೇಳುತ್ತಾರೆ.

ಜಾಸ್ತಿಯೇ. ಮುಚ್ಚಿಟ್ಟು ಹೇಳುವಂಥದ್ದೇನೂ ಇಲ್ಲ. ಆದರೂ ನಾನು ಬನ್ನಿ ಎಂದೇ ಹೇಳುತ್ತೇನೆ. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ಬಿಸಿಲು ಏರಿದಂತೆಲ್ಲ ತಮಟೆಯ ಸದ್ದೂ ಏರುತ್ತದೆ. ಮಾರಮ್ಮನ ಜಾತ್ರೆ, ಮಾದಪ್ಪನ ಯುಗಾದಿ ತೇರು, ರಂಗಪ್ಪನ ದೊಡ್ಡ ತೇರು, ಎಲ್ಲವೂ ಮಾರ್ಚಿನಿಂದ ಮೇ ತಿಂಗಳ ಒಳಗೇ ಬರುತ್ತವೆ. ಇವನ್ನೆಲ್ಲ ಚಿಕ್ಕಂದಿನಿಂದ ನೋಡುತ್ತ ಬಂದವನಿಗೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಆ ಮಾತು ‘ತಂಪು’. ದೇವರಿಗೆ ತಂಪು ಮಾಡಬೇಕು, ದಾರಿಹೋಕರಿಗೆ ತಂಪು ಕೊಡಬೇಕು, ರೇಷ್ಮೆ ಹುಳದ ಮನೆಯನ್ನು ತಂಪಾಗಿಡಬೇಕು. ನಮ್ಮ ಬೇಸಿಗೆಯ ಬಾಳೆಲ್ಲ ಈ ಒಂದು ಮಾತಿನ ಸುತ್ತಲೇ ನಡೆಯುತ್ತದೆ. ನೋಡಲು ಬರುವವರು ಆ ತಂಪಿನ ಜಾಡು ಹಿಡಿದು ಬಂದರೆ ನಮ್ಮ ಊರುಗಳು ಬೇಗ ಅರ್ಥವಾಗುತ್ತವೆ.

ಹನೂರಿನಿಂದಲೇ ಶುರುಮಾಡೋಣ. ಶಿವರಾತ್ರಿ ಕಳೆದ ಮೇಲೆ ಅಲ್ಲಿ ಬೆಟ್ಟಳ್ಳಿ ಮಾರಮ್ಮನ ಜಾತ್ರೆ. ಒಂದು ದಿನದ್ದಲ್ಲ, ದಿನಕ್ಕೊಂದು ಸೇವೆಯಂತೆ ಹಲವು ದಿನ ನಡೆಯುತ್ತದೆ. ಜಾಗರ ಸಮರ್ಪಣೆ, ತಂಪು ಜ್ಯೋತಿ, ಬಾಯಿಬೀಗ, ಕೊನೆಗೆ ಕೊಂಡ. ತಂಪು ಜ್ಯೋತಿಯ ದಿನ ಹೆಣ್ಣುಮಕ್ಕಳು ಆರತಿ ಹೊತ್ತು ಗುಡಿಗೆ ಬರುವುದನ್ನು ನೋಡಬೇಕು. ದೀಪವೆಂದರೆ ಬೆಂಕಿ, ಅದನ್ನು ತಂಪು ಎಂದು ಹೇಗೆ ಕರೆದರು ಎಂದು ಹುಡುಗನಾಗಿದ್ದಾಗ ಅಜ್ಜಿಯನ್ನು ಕೇಳಿದ್ದೆ. “ಅಮ್ಮಂಗೆ ನಾವು ತಂಪು ಮಾಡುದ್ರೆ ಅಮ್ಮ ನಮ್ಗೆ ತಂಪು ಮಾಡ್ತಳೆ ಕನ ಕೂಸು” ಎಂದಿದ್ದರು. ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ.

ಈಗಿನ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಿಡುಬು, ದಡಾರ, ಸೀತಾಳೆ, ಇವೆಲ್ಲ ಬೇಸಿಗೆಯಲ್ಲಿ ಮನೆ ಹೊಗುತ್ತಿದ್ದ ಕಾಯಿಲೆಗಳು. ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ರೋಗ ಬಂತು ಎನ್ನುವುದಿಲ್ಲ, ‘ಅಮ್ಮ ಆಗಿದೆ’ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಗ್ಗರಣೆ ನಿಲ್ಲಿಸುತ್ತಾರೆ, ಮಜ್ಜಿಗೆ, ಎಳನೀರು, ಮೊಸರನ್ನ. ಬಂದವಳು ತಾಯಿ, ಅವಳನ್ನು ಬೈಯುವಂತಿಲ್ಲ, ತಣ್ಣಗೆ ಮಾಡಿ ಕಳಿಸಿಕೊಡಬೇಕು. ನಮ್ಮ ದೇಶದಲ್ಲಿ ಸಿಡುಬಿನ ಕಡೆಯ ರೋಗಿ ಕಂಡದ್ದು 1975ರಲ್ಲಿ. ಲಸಿಕೆ ಹಾಕುವವರು ಮನೆಮನೆ ಹೊಕ್ಕು ದುಡಿದು ಆ ಮಹಾಮಾರಿಯನ್ನು ಓಡಿಸಿದರು. ರೋಗ ಹೋಯಿತು, ಹಬ್ಬ ಉಳಿಯಿತು. ಉಳಿದದ್ದು ಒಳ್ಳೆಯದಾಯಿತು ಎಂದೇ ನಾನು ನಂಬಿದವನು. ಬೇಸಿಗೆಯಲ್ಲಿ ಊರು ಒಟ್ಟಾಗಿ ಬೀದಿ ಗುಡಿಸಿ, ನೀರು ಚಿಮುಕಿಸಿ, ಬೇವು ಕಟ್ಟುವುದಕ್ಕೆ ಒಂದು ನೆಪ ಬೇಕು.

ಇಲ್ಲಿ ಒಂದು ದೂರದ ಊರಿನ ಮಾತು. ಜಪಾನಿನ ಕ್ಯೋಟೊ ನಗರದಲ್ಲಿ ಪ್ರತಿ ವರ್ಷ ಜುಲೈ ತಿಂಗಳಿಡೀ ‘ಗಿಯೋನ್’ ಎಂಬ ಹಬ್ಬ ನಡೆಯುತ್ತದೆ. ಅಲ್ಲಿಯ ಬೇಸಿಗೆ ಆ ತಿಂಗಳು. ಸೆಕೆ ಎಂದರೆ ಸೆಕೆ. ಆಳೆತ್ತರದ ಮರದ ಗಾಲಿಗಳ ಮೇಲೆ ನಿಂತ ಮಹಡಿ ಮಹಡಿಯ ತೇರುಗಳನ್ನು ಜುಲೈ 17ರಂದು ಜನ ಹಗ್ಗ ಹಿಡಿದು ಬೀದಿಯಲ್ಲಿ ಎಳೆಯುತ್ತಾರೆ. ಲೋಕದ ಮೂಲೆಮೂಲೆಗಳಿಂದ ಪ್ರವಾಸಿಗರು ಆ ತೇರು ನೋಡಲು ಹೋಗುತ್ತಾರೆ. ಆ ಹಬ್ಬ ಹುಟ್ಟಿದ್ದು ಯಾಕೆ ಗೊತ್ತೇ? 869ನೇ ಇಸವಿಯಲ್ಲಿ ಅಲ್ಲಿ ಸಾಂಕ್ರಾಮಿಕ ಬೇನೆ ಹಬ್ಬಿತು. ಮುನಿದ ದೈವವನ್ನು ಶಾಂತಗೊಳಿಸಲು ಆಗಿನ 66 ಪ್ರಾಂತ್ಯಗಳಿಗೆ ಒಂದೊಂದರಂತೆ 66 ಈಟಿಗಳನ್ನು ನಿಲ್ಲಿಸಿ ಪೂಜೆ ಮಾಡಿದರು. ಹಬ್ಬದಲ್ಲಿ ಬಿದಿರೆಲೆಯ ಒಂದು ಪುಟ್ಟ ಕಟ್ಟನ್ನು ಕೊಂಡೊಯ್ದು, ಬೇನೆ ಒಳಗೆ ಬಾರದಿರಲಿ ಎಂದು ಬಾಗಿಲಿಗೆ ತೂಗುಹಾಕುತ್ತಾರೆ. ನಮ್ಮ ಬಾಗಿಲಿನ ಬೇವಿನ ಸೊಪ್ಪು ನೆನಪಾಗದೆ ಇರುತ್ತದೆಯೇ? ಇದನ್ನು ಓದಿದ ದಿನ ಹನೂರಿನ ಜಾತ್ರೆ ನನ್ನ ಕಣ್ಣಲ್ಲಿ ಇನ್ನಷ್ಟು ದೊಡ್ಡದಾಯಿತು. ಬಿಸಿಲಿಗೂ ಬೇನೆಗೂ ಹೆದರಿದ ಮನುಷ್ಯ ಎಲ್ಲಿದ್ದರೂ ಊರನ್ನು ಒಟ್ಟಿಗೆ ಬೀದಿಗೆ ಕರೆತಂದಿದ್ದಾನೆ.

ಕ್ಯೋಟೊ ರೇಷ್ಮೆಯ ಊರು, ನಮ್ಮ ಕೊಳ್ಳೇಗಾಲವೂ ರೇಷ್ಮೆಯ ಊರು. 1956ರ ನವೆಂಬರಿನವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಸೀಮೆಯ ರೇಷ್ಮೆ ಬೇಸಾಯದ ದೊಡ್ಡ ಹೆಸರು ನಮ್ಮದೇ. ಪಕ್ಕದ ಮೈಸೂರು ಸೀಮೆಯ ರೇಷ್ಮೆಗೂ ಜಪಾನಿಗೂ ನಂಟು ಹಳೆಯದು. 1890ರ ದಶಕದಲ್ಲಿ ಜಮ್‌ಶೆಡ್‌ಜಿ ಟಾಟಾ ಅವರು ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ನೂರು ವರ್ಷದ ಮೇಲೆ ದ್ವಿತಳಿ ಗೂಡು ಬೆಳೆಸುವ ಕೆಲಸಕ್ಕೂ ಜಪಾನಿನ ನೆರವು ಬಂತು.

ಬೇಸಿಗೆಯಲ್ಲಿ ಕೊಳ್ಳೇಗಾಲಕ್ಕೆ ಬಂದವರು ಸೀರೆ ಕೊಳ್ಳುವುದಕ್ಕೆ ಮುಂಚೆ ಸುತ್ತಿನ ಯಾವುದಾದರೂ ಹಳ್ಳಿಯಲ್ಲಿ, ಪರಿಚಯದವರ ಮೂಲಕ, ಒಂದು ಹುಳದ ಮನೆ ನೋಡಿ ಬನ್ನಿ. ಚಪ್ಪಲಿ ಹೊರಗೆ ಬಿಟ್ಟು ಕಾಲು ತೊಳೆದೇ ಒಳಗೆ ಹೋಗಬೇಕು. ಕಿಟಕಿಗೆ, ಬಾಗಿಲಿಗೆ ನೆನೆಸಿದ ಗೋಣಿತಾಟು ಇಳಿಬಿಟ್ಟಿರುತ್ತಾರೆ. ಮನೆಯ ಮಕ್ಕಳಿಗೆ ಫ್ಯಾನು ಇರುತ್ತದೋ ಇಲ್ಲವೋ, ಹುಳಕ್ಕೆ ತಂಪು ಇರಲೇಬೇಕು. ಶಾಖ 28 ಡಿಗ್ರಿ ದಾಟಿತೆಂದರೆ ಮನೆಯವರ ಮುಖ ಬಾಡುತ್ತದೆ. ಹುಳ ಪೊರೆ ಬಿಡುವುದಕ್ಕೆ ಮೇವು ನಿಲ್ಲಿಸಿ ತಲೆಯೆತ್ತಿ ಕೂತಾಗ ‘ಜ್ವರಕ್ಕೆ ಕೂತಿವೆ’ ಎನ್ನುತ್ತಾರೆ. ಮೊದಲ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು ಜ್ವರ ದಾಟಬೇಕು. ಜ್ವರಕ್ಕೆ ಕೂತ ಹುಳದ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಕೇಳಿ: ಹೊರಗೆ ಉರಿಬಿಸಿಲು, ಒಳಗೆ ಸೋನೆ ಮಳೆ ಹಿಡಿದಂತೆ. ಹಣ್ಣಾದ ಹುಳವನ್ನು ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ದಿನ ಸಿಕ್ಕರೆ ನಿಮ್ಮ ಪುಣ್ಯ. ನಗರದ ಮಕ್ಕಳು ಅದನ್ನು ಒಮ್ಮೆ ಕಂಡರೆ ಅಮ್ಮನ ಸೀರೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಇನ್ನು ಯುಗಾದಿ. ನಮ್ಮ ಕಡೆ ಯುಗಾದಿ ಎಂದರೆ ಮಾದಪ್ಪನ ತೇರು. ಮಾದಪ್ಪ ಎಂದರೆ ಮಲೆ ಮಹದೇಶ್ವರ. ಅವನ ಬೆಟ್ಟ ಕೊಳ್ಳೇಗಾಲದಿಂದ ಸುಮಾರು 80 ಕಿಲೋಮೀಟರ್, ಈಗ ಹನೂರು ತಾಲ್ಲೂಕಿನಲ್ಲಿದೆ. ಎಪ್ಪತ್ತೇಳು ಮಲೆಗಳ ಒಡೆಯ ಎಂದು ಅವನನ್ನು ಹಾಡುತ್ತಾರೆ. ಬಸ್ಸಿನಲ್ಲಿ ಹೋದರೆ ಹನೂರು, ಕೌದಳ್ಳಿ ದಾಟಿ ತಾಳಬೆಟ್ಟ, ಅಲ್ಲಿಂದ ಮುಂದೆ ಸುತ್ತುಬಳಸಿನ ಏರು. ಆದರೆ ಆ ಬೆಟ್ಟಕ್ಕೆ ನಿಜವಾದ ದಾರಿ ಕಾಲುದಾರಿ. ಯುಗಾದಿ ಹತ್ತಿರವಾದಂತೆ ನಮ್ಮ ರಸ್ತೆಯ ಎರಡೂ ಅಂಚಿನಲ್ಲಿ ಜನ ನಡೆಯುತ್ತಾರೆ. ಹಳದಿ ಬಟ್ಟೆ ಉಟ್ಟವರು, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡವರು, ತಮಿಳುನಾಡಿನ ಕಡೆಯ ಕುಟುಂಬಗಳು. ಹಗಲು ಮರದ ಬುಡದಲ್ಲಿ ಮಲಗುತ್ತಾರೆ, ಹೊತ್ತು ಇಳಿದ ಮೇಲೆ ಹೆಜ್ಜೆ ಹಾಕುತ್ತಾರೆ.

ನಾನು ಹನ್ನೆರಡು ವರ್ಷದವನಿದ್ದಾಗ ಸೋದರಮಾವನ ಜೊತೆ ಹಾಗೆ ನಡೆದಿದ್ದೇನೆ. ದಾರಿಯುದ್ದಕ್ಕೂ ಅರವಟ್ಟಿಗೆಗಳು. ತೆಂಗಿನ ಗರಿಯ ಚಪ್ಪರ, ಕೆಂಪು ಬಟ್ಟೆ ಸುತ್ತಿದ ಗುಡಾಣ, ನೀರು ಮಜ್ಜಿಗೆಗೆ ಕೊತ್ತಂಬರಿ, ಶುಂಠಿ. ಕೌದಳ್ಳಿಯ ಆಚೆ ಎಲ್ಲೋ ಒಂದು ಹಟ್ಟಿಯ ಮುಂದೆ ಒಬ್ಬ ಅಜ್ಜಿ ರಸ್ತೆಗೇ ಬಂದು ನಿಂತು, “ಒಸಿ ಕುಂತ್ಕೊಂಡು ಹೋಗಿ ಕನಪ್ಪ, ಮಾದಪ್ಪ ಎಲ್ಲಿಗೂ ಹೋಗದಿಲ್ಲ” ಎಂದು ತಡೆದರು. ರಾಗಿ ಅಂಬಲಿ ಕೊಟ್ಟರು. ಕಾಸು ಕೊಡಲು ಹೋದ ಮಾವನ ಕೈಯನ್ನು ಮಡಚಿ, “ಅವನ ಹುಂಡಿಗೆ ಹಾಕಪ್ಪ” ಎಂದರು. ಅಂದು ಕುಡಿದ ಅಂಬಲಿಯ ತಂಪು ಈಗಲೂ ನನ್ನ ಗಂಟಲಲ್ಲಿದೆ. ಬೇರೆ ದೊಡ್ಡ ಊರುಗಳಲ್ಲಿ ಬೇಸಿಗೆಯ ಪ್ರವಾಸಿಗೆ ಬೇಕಾದ್ದೆಲ್ಲ ದುಡ್ಡಿಗೆ ಸಿಗುತ್ತದೆ. ಈ ದಾರಿಯಲ್ಲಿ ದುಡ್ಡಿಗೆ ಸಿಗದ್ದೂ ಸಿಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ಬೆಟ್ಟದ ಮೇಲೆ ಪೂಜೆ ಬೇಡಗಂಪಣ ಸಮುದಾಯದವರದು. ಯುಗಾದಿಯ ದಿನ ತೇರು ಹೊರಡುವಾಗ ‘ಉಘೇ ಮಾದಪ್ಪ’ ಎಂಬ ಕೂಗು ಎದ್ದು ಸುತ್ತಲಿನ ಮಲೆಗಳಿಗೆ ಬಡಿದು ವಾಪಸ್ಸು ಬರುತ್ತದೆ. ತೇರಿನ ಗದ್ದಲ ಕಳೆದ ಮೇಲೆ ದೇವರಗುಡ್ಡರನ್ನು ಹುಡುಕಿ ಅವರ ಪಕ್ಕ ಕೂರಿ. ಕಂಸಾಳೆ ಹಿಡಿದು ರಾತ್ರಿಯಿಡೀ ಮಾದೇಶ್ವರನ ಕತೆ ಹಾಡಬಲ್ಲವರು ಅವರು. ಆ ಮಹಾಕಾವ್ಯವನ್ನು ಹಾಡುಗಾರರ ಬಾಯಿಂದ ಬರೆದುಕೊಂಡು ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪುಸ್ತಕವಾಗಿ ತಂದರು. ಪುಸ್ತಕ ದೊಡ್ಡ ಉಪಕಾರವೇ. ಆದರೆ ಹಿತ್ತಾಳೆಯ ಬಟ್ಟಲು ಬಟ್ಟಲಿಗೆ ತಾಗುವ ಸದ್ದನ್ನು ಬೆಟ್ಟದ ಮೇಲೆಯೇ ಕೇಳಬೇಕು. 108 ಅಡಿಯ ಮಾದಪ್ಪನ ಪ್ರತಿಮೆ 2023ರಲ್ಲಿ ಬೆಟ್ಟದಲ್ಲಿ ಎದ್ದು ನಿಂತಿದೆ, ಮಕ್ಕಳು ಅದನ್ನು ನೋಡಿ ಖುಷಿಪಡುತ್ತಾರೆ. ನಾಗಮಲೆಯ ಕಡೆಗೆ ನಡೆದುಹೋಗುವ ಆಸೆ ಇದ್ದವರು ಅರಣ್ಯ ಇಲಾಖೆಯ ಅಪ್ಪಣೆ ಪಡೆದೇ ಹೊರಡಿ. 2013ರಿಂದ ಈ ಮಲೆಗಳೆಲ್ಲ ವನ್ಯಧಾಮ. ಬೇಸಿಗೆಯಲ್ಲಿ ಆನೆ ನೀರು ಹುಡುಕಿಕೊಂಡು ದಾರಿಗೇ ಬರುತ್ತದೆ. ಕಾಲುದಾರಿ ತೆರೆದಿದೆಯೋ ಇಲ್ಲವೋ ಎಂದು ತಾಳಬೆಟ್ಟದಲ್ಲಿ ಕೇಳಿ ತಿಳಿದುಕೊಂಡು ಮುಂದೆ ಕಾಲಿಡಿ.

ಯಳಂದೂರಿಗೆ ಬರೋಣ. ಚಿಕ್ಕ ತಾಲ್ಲೂಕು, ದೊಡ್ಡ ಮನೆತನ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು. ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮ, ‘ರಾಜಶೇಖರ ವಿಳಾಸ’ದ ಷಡಕ್ಷರದೇವ, ಇಬ್ಬರಿಗೂ ಈ ನೆಲದ ನಂಟಿದೆ. ಮಧ್ಯಾಹ್ನದ ಬಿಸಿಲಲ್ಲಿ ಇಲ್ಲಿಗೆ ಬಂದರೆ ಗೌರೀಶ್ವರ ಗುಡಿಯ ಬಳೆಮಂಟಪದ ಒಳಗೆ ಹೋಗಿ. ಶತಮಾನಗಳ ಹಿಂದಿನ ಕಲ್ಲು. ಮೂಲೆಗಳಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಣಿ. ಅಂಗೈಯನ್ನು ಕಂಬಕ್ಕೆ ಒತ್ತಿ ಹಿಡಿದರೆ ಕಲ್ಲಿನ ತಂಪು ಮೊಣಕೈಯವರೆಗೆ ಏರುತ್ತದೆ. ಒಂದು ಗಂಟೆ ಅಲ್ಲಿ ಸುಮ್ಮನೆ ಕೂರುವುದೂ ಒಂದು ಪ್ರವಾಸವೇ.

ಗುಂಬಳ್ಳಿಯ ಚೆಕ್‌ಪೋಸ್ಟು ದಾಟಿದರೆ ಬಿಳಿಗಿರಿರಂಗನ ಬೆಟ್ಟದ ಕಾಡು. ಅಲ್ಲಿ ಚಿಕ್ಕ ಜಾತ್ರೆ ಸಂಕ್ರಾಂತಿಗೆ, ದೊಡ್ಡ ಜಾತ್ರೆ ಬೇಸಿಗೆಯಲ್ಲಿ. ಏಪ್ರಿಲ್ಲಿಗೆ ಬರುತ್ತದೋ ಮೇ ತಿಂಗಳಿಗೆ ಬರುತ್ತದೋ, ಆ ವರ್ಷದ ಪಂಚಾಂಗ ನೋಡಿಯೇ ತಿಳಿಯಬೇಕು. ತೇರಿನ ದಿನ ಬೆಟ್ಟದ ತುಂಬ ಶಂಖ, ಜಾಗಟೆ ಹಿಡಿದ ದಾಸರು. ಅವರ ‘ಗೋಪರಾಕ್’ ಕೂಗು. ಆದರೆ ಈ ದೇವರ ನಿಜವಾದ ನೆಂಟರು ಕಾಡಿನ ಬುಡಕಟ್ಟಿನ ಜನರಾದ ಸೋಲಿಗರು. ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನಂತೆ. ಹಾಗಾಗಿ ಅವರಿಗೆ ಅವನು ಭಾವ. ದೇವರನ್ನು ಭಾವ ಎಂದು ಕರೆಯುವ ಸಲಿಗೆ ಎಷ್ಟು ಜನಕ್ಕೆ ಸಿಕ್ಕೀತು! ಎರಡು ವರ್ಷಕ್ಕೊಮ್ಮೆ ಅವನಿಗೆ ದೊಡ್ಡ ತೊಗಲಿನ ಪಾದರಕ್ಷೆ ಒಪ್ಪಿಸುತ್ತಾರೆ. ರಾತ್ರಿಯೆಲ್ಲ ಕಾಡು ಸುತ್ತಿ ಅವನು ಅದನ್ನು ಸವೆಸುತ್ತಾನೆ ಎಂಬ ನಂಬಿಕೆ. ನೂರಾರು ವರ್ಷದಿಂದ ಕಾಡನ್ನು ನಡೆದೇ ಕಾಯ್ದ ಜನರ ದೇವರು ಬರಿಗಾಲಲ್ಲಿ ಇರಲಾರ.

ಈ ಹೊತ್ತಿಗೇ ಹೆಜ್ಜೇನಿನ ಕಾಲ. ಏಪ್ರಿಲ್ಲಿನಿಂದ ಮೊದಲ ಮಳೆ ಬಲಿಯುವವರೆಗೆ ಸೋಲಿಗರು ಹಗ್ಗ ಕಟ್ಟಿ ಬಂಡೆ ಇಳಿಯುತ್ತಾರೆ, ಆಳು ತಬ್ಬಲಾರದ ಮರ ಏರುತ್ತಾರೆ. ಮಾದೇಶ್ವರನ ಕಾವ್ಯದಲ್ಲಿ ಸೋಲಿಗರ ಸಂಕಮ್ಮನ ಗಂಡ ಹೊರಡುವುದೂ ಜೇನಿಗೇ. ಬೆಟ್ಟದಲ್ಲಿ ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘದ ಜೇನು ಸಿಗುತ್ತದೆ, ಅದನ್ನೇ ಕೊಳ್ಳಿ. ಆ ದುಡ್ಡು ಬಂಡೆ ಇಳಿದವನ ಮನೆ ಸೇರುತ್ತದೆ. ಬೇಸಿಗೆಯ ಕಾಡಿನ ಬಗ್ಗೆ ಅವರಿಂದ ಕಲಿಯುವುದು ಬೇಕಾದಷ್ಟಿದೆ. ಹಿಂದೆ ಅವರು ತರಗು ಬೆಂಕಿ ಇಡುತ್ತಿದ್ದರು. ಬಿಸಿಲು ಬಲಿಯುವುದಕ್ಕೆ ಮುಂಚೆಯೇ, ನೆಲದಲ್ಲಿ ಪಸೆ ಇರುವಾಗಲೇ, ಒಣ ತರಗನ್ನು ತೆಳ್ಳಗೆ ಸುಟ್ಟುಬಿಡುವುದು. ಮುಂದೆ ಕಾಡ್ಗಿಚ್ಚು ಎದ್ದರೂ ಅದಕ್ಕೆ ಮೇವಿರುತ್ತಿರಲಿಲ್ಲ. ವನ್ಯಧಾಮದ ಕಾಯಿದೆ ಬಂದ ಮೇಲೆ ಅದು ನಿಂತಿತು, ಲಂಟಾನ ಪೊದೆ ಕಾಡನ್ನೆಲ್ಲ ಮುಚ್ಚಿತು ಎಂದು ಹಿರಿಯ ಸೋಲಿಗರು ನೋವಿನಿಂದ ಹೇಳುತ್ತಾರೆ. ನನಗೆ ಅವರ ಮಾತು ಸರಿಯೆನಿಸುತ್ತದೆ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯಕ್ಕೆ ಅರಣ್ಯ ಹಕ್ಕೂ ಸಿಕ್ಕಿತು. ಹುಲಿಯ ಕಾಡಿನಲ್ಲಿ ಮನುಷ್ಯರ ಹಕ್ಕನ್ನು ಒಪ್ಪಿಕೊಂಡದ್ದು ದೇಶಕ್ಕೆ ಹೊಸದು. ಪ್ರವಾಸಕ್ಕೆ ಬರುವವರಲ್ಲಿ ಕೈಮುಗಿದು ಕೇಳುತ್ತೇನೆ: ಈ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಒಲೆ ಹೂಡಬೇಡಿ, ಬೀಡಿಯ ತುದಿ ಎಸೆಯಬೇಡಿ. ಏಪ್ರಿಲ್ಲಿನ ತರಗು ಒಂದು ಕಿಡಿಗಾಗಿ ಕಾದಿರುತ್ತದೆ.

ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಮರವನ್ನು ಮಾತ್ರ ಮರೆಯಬೇಡಿ. ಸೋಲಿಗರು ಅದನ್ನು ಮರ ಎನ್ನುವುದಿಲ್ಲ, ದೇವರು ಎನ್ನುತ್ತಾರೆ. ಬುಡದಲ್ಲಿ ಲಿಂಗಗಳು, ಮೇಲೆ ಹೂವು, ನಡುವೆ ಎಷ್ಟೋ ತಲೆಮಾರು. ಬಯಲಿನಲ್ಲಿ ಬೆಂದು ಬಂದವರಿಗೆ ಆ ನೆರಳು ಏನು ಎಂಬುದು ಅದರ ಕೆಳಗೆ ನಿಂತಾಗ ತಿಳಿಯುತ್ತದೆ.

ನೀರಿನ ಕಡೆಗೆ ಹೋಗಬೇಕು ಎನ್ನುವವರಿಗೆ ಎರಡೇ ಮಾತು. ಶಿವನಸಮುದ್ರದ ಭರಚುಕ್ಕಿ ಬೇಸಿಗೆಯಲ್ಲಿ ಸೊರಗಿರುತ್ತದೆ. ಬಂಡೆ ಹೆಚ್ಚು, ನೀರು ಕಡಿಮೆ. ಅದರ ವೈಭವಕ್ಕೆ ಮಳೆಗಾಲದಲ್ಲಿ ಇನ್ನೊಮ್ಮೆ ಬನ್ನಿ. ನೀರು ಕಡಿಮೆ ಎಂದು ಮಡುವಿಗೆ ಮಾತ್ರ ಇಳಿಯಬೇಡಿ, ಆಳ ಮೇಲಿನಿಂದ ಕಾಣುವುದಿಲ್ಲ. ತೆಪ್ಪದಲ್ಲಿ ಕೂರುವ ಆಸೆಯಿದ್ದರೆ ಹೊಗೆನಕಲ್ಲಿಗೆ ಹೋಗಿ. ಕಾವೇರಿ ಅಲ್ಲಿ ಕಲ್ಲಿನ ಕಣಿವೆಯಲ್ಲಿ ನುಗ್ಗಿ ಹೊಗೆಯೆಬ್ಬಿಸುತ್ತಾಳೆ.

ಆ ದಾರಿಯಲ್ಲಿ ಗೋಪಿನಾಥಂ ಸಿಗುತ್ತದೆ. ಹೆಸರು ಕೇಳಿದೊಡನೆ ಎಲ್ಲರಿಗೂ ಕಾಡುಗಳ್ಳ ವೀರಪ್ಪನ್ ನೆನಪಾಗುತ್ತಾನೆ. ನನಗೆ ಬೇರೊಬ್ಬರು ನೆನಪಾಗುತ್ತಾರೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಆ ಊರಿನಲ್ಲಿದ್ದುಕೊಂಡು ಜನರಿಗೆ ಮನೆ, ಮದ್ದು ದೊರಕುವಂತೆ ದುಡಿದರು, ಊರಿಗೊಂದು ಮಾರಿಯಮ್ಮನ ಗುಡಿ ಕಟ್ಟಿಸಿದರು. 1991ರ ನವೆಂಬರ್ 10ರಂದು ಅವರನ್ನು ವೀರಪ್ಪನ್ ಮೋಸದಿಂದ ಕರೆಸಿ ಕೊಂದ. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಬಂತು. ಬಂದೂಕಿನ ಊರಿಗೆ ಬಂದ ಆ ಮನುಷ್ಯ ಅಲ್ಲಿ ತಂಪಿನ ದೇವತೆಗೆ ಗುಡಿ ಕಟ್ಟಿಸಿದ್ದನ್ನು ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಹೊಗೆನಕಲ್ಲಿಗೆ ಹೋಗುವವರು ಗೋಪಿನಾಥಂನಲ್ಲಿ ಒಂದು ಗಳಿಗೆ ಇಳಿದು, ಆ ಗುಡಿಯ ಮುಂದೆ ನಿಂತು, ಒಂದು ಚೊಂಬು ನೀರು ಬೇವಿನ ಬುಡಕ್ಕೆ ಎರೆದು ಹೋಗಿ.

ಅಷ್ಟು ಹೊತ್ತಿಗೆ, ನಿಮ್ಮ ಅದೃಷ್ಟವಿದ್ದರೆ, ಭರಣಿ ಮಳೆ ಹಿಡಿದಿರುತ್ತದೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ರೈತರು ಕಾಯುವ ಮಳೆ ಅದು. ಮಲೆಯ ಮೇಲೆ ಗುಡುಗು ಉರುಳಿ, ಮಣ್ಣಿನ ವಾಸನೆ ಬಸ್ಸಿನೊಳಗೆ ನುಗ್ಗಿದಾಗ ಕಿಟಕಿಯನ್ನು ಎಳೆದು ಮುಚ್ಚಬೇಡಿ.